ಬೆರಳಿಗೂ ನಾದಕ್ಕೂ ನಡುವೆ

ಗಂಗಾವತಿಯ ಸೀಮೆಯ ಹೇಮಗುಡ್ಡದಲ್ಲಿ, 34 ಮೀಟರು ದೂರದ ಬಂಡೆಗೆ ಎದುರಾಗಿ ನಿಂತು ಕೂಗಿದರೆ, ಆ ಕೂಗು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ತಡವಾಗಿ ಹಿಂದಿರುಗುವುದು. ಮಕ್ಕಳಿಗೆ ಇದು ವಿನೋದ. ಆದರೆ ತಂತಿಯನ್ನು ಮೀಟಿದವನಿಗೆ ನಾದವು ಹೀಗೆ ತಡೆದು ಬಂದರೆ ನುಡಿಸುವುದೇ ಅಸಾಧ್ಯವಾದೀತು. ವಿದ್ಯುತ್ತಿನ ವಾದ್ಯಗಳನ್ನು ಕಟ್ಟುವವರನ್ನು ಕಾಡುವ ತೊಡಕು ಇದೇ.

ಇಂಥ ವಾದ್ಯಗಳು ನಮ್ಮ ನಾಡಿಗೆ ಹೊಸವಲ್ಲ. ಕೊಳಲು ನುಡಿಸಬಲ್ಲ ಇಂಜಿನಿಯರರಾದ ಜಿ. ರಾಜನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ರೇಡಲ್ ಸಂಸ್ಥೆಯನ್ನು ಸ್ಥಾಪಿಸಿ, ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ಮುಟ್ಟಿಸಿದರು. ಆ ಪೆಟ್ಟಿಗೆಯ ಶ್ರುತಿಗೆ ಸೇರಿಸಿ ಹುಡುಗಿಯರು ಸರಳೆ ಹಾಡುವುದನ್ನು ಓದುಗರು ಕೇಳಿಯೇ ಇರುವರು. ಆದರೆ ತಂಬೂರಿಯ ಕೆಲಸವು ಒಂದು ಬಗೆಯಲ್ಲಿ ಸುಲಭ. ಗುಂಡಿಯನ್ನು ತಿರುಗಿಸಿದ ಮೇಲೆ ಅದು ತನ್ನಷ್ಟಕ್ಕೆ ಮೊರೆಯುತ್ತಿರುವುದು; ಬೆರಳಿಗೆ ಒಡನೊಡನೆ ಉತ್ತರ ಕೊಡಬೇಕಾದ ಹೊಣೆ ಅದಕ್ಕಿಲ್ಲ. ವೀಣೆಗಾದರೋ ಆ ಹೊಣೆಯುಂಟು. ಗಮಕದಲ್ಲಿ ಬೆರಳು ತಂತಿಯನ್ನು ಎಳೆಯುತ್ತಿರುವಾಗಲೇ ಕಿವಿಯು ಅದನ್ನು ತಿದ್ದುತ್ತಿರಬೇಕು. ಕಿವಿಗೆ ಸುದ್ದಿ ತಡವಾಗಿ ಮುಟ್ಟಿದರೆ ಬೆರಳು ಸ್ವರವನ್ನು ದಾಟಿ ಹೋಗಿರುವುದು.

ಈ ತಡವು ಹುಟ್ಟುವುದೆಲ್ಲಿ? ಗಣಕಯಂತ್ರವು ನಾದವನ್ನು ಸೆಕೆಂಡಿಗೆ 44,100 ಅಂಕಿಗಳಾಗಿ ಎಣಿಸುವುದುಂಟು. ಒಂದೊಂದು ರೊಟ್ಟಿಯನ್ನೇ ಪಂಕ್ತಿಗೆ ಒಯ್ಯದೆ ಬುಟ್ಟಿ ತುಂಬಿದ ಮೇಲೆ ಒಯ್ಯುವಂತೆ, ಅದು 256 ಅಂಕಿಗಳನ್ನು ಕೂಡಿಹಾಕಿ ಒಮ್ಮೆಗೆ ಸಾಗಿಸುವುದೆಂದು ಇಟ್ಟುಕೊಳ್ಳೋಣ. ಆ ಬುಟ್ಟಿ ತುಂಬಲು ಸುಮಾರು 6 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಬೇಕು. ಒಳಬರಲು ಒಂದು ಬುಟ್ಟಿ, ಹೊರಹೋಗಲು ಮತ್ತೊಂದು. ನಡುವೆ ಯಂತ್ರವು ಬೇರೊಂದು ಕೆಲಸಕ್ಕೆ ಕೈಹಾಕಿದರೆ ಕೇಳುವುದೇ ಬೇಡ.

ಅಮೆರಿಕದ ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್ ಎಂಬ ವಿದ್ವಾಂಸರು 2002ರಲ್ಲಿ, ತಡವು 10 ಮಿಲಿಸೆಕೆಂಡನ್ನೂ ಅದರ ಏರಿಳಿತವು 1 ಮಿಲಿಸೆಕೆಂಡನ್ನೂ ಮೀರಬಾರದೆಂದು ಹೇಳಿದರು. ಭಜನೆಯಲ್ಲಿ ಪೇಟಿಯಿಂದ ಮೂರೂವರೆ ಮೀಟರು ದೂರ ಕುಳಿತ ತಾಳದವನಿಗೂ ಸ್ವರವು 10 ಮಿಲಿಸೆಕೆಂಡು ತಡವಾಗಿಯೇ ಮುಟ್ಟುವುದಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಆ ದೂರವು ಬದಲಾಗುವುದಿಲ್ಲವಾಗಿ ಕಿವಿಯು ಹೊಂದಿಕೊಂಡಿರುವುದು. ಪೇಟಿಯು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಜಿಗಿದಾಡಿದರೆ ತಾಳ ಹಾಕುವವನ ಗತಿಯೇನು! ನನಗಂತೂ ತಡಕ್ಕಿಂತ ಏರಿಳಿತವೇ ದೊಡ್ಡ ಕೇಡೆಂದು ತೋರುವುದು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ, 2016ರಿಂದ ಸಾರ್ವಜನಿಕರ ಕೈಗೆ ಬಂದ ಬೆಲಾ ಎಂಬ ಸಾಧನವು ಈ ಎರಡು ಕೇಡುಗಳಿಗೂ ಮದ್ದು ಹುಡುಕಿತು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಂಗೈಯಗಲದ ಗಣಕದ ಮೇಲೆ ಅದನ್ನು ಕೂರಿಸಿದರು. ಅದರಲ್ಲಿ ನಾದದ ಕೆಲಸಕ್ಕೇ ಮೊದಲ ಮಣೆ. ಮಿಕ್ಕ ಕೆಲಸಗಳೆಲ್ಲ ಕಾದಿರಬೇಕು. ಬುಟ್ಟಿಯನ್ನು ಎರಡೇ ಅಂಕಿಗಳಿಗೆ ಇಳಿಸಬಹುದಾಗಿ ಒಟ್ಟು ತಡವು 1 ಮಿಲಿಸೆಕೆಂಡಿನೊಳಗೆ ಬಂದಿತು. ಬೆರಳಿನ ಒತ್ತಡವನ್ನು ಅಳೆಯುವ ಎಣಿಕೆಯೂ ನಾದದ ಎಣಿಕೆಯೂ ಒಂದೇ ಹೆಜ್ಜೆಯಲ್ಲಿ ನಡೆಯುವುದರಿಂದ ಏರಿಳಿತಕ್ಕೆ ಎಡೆಯೇ ಇಲ್ಲದಾಯಿತು.

ಒಂದು ಮಿಲಿಸೆಕೆಂಡಿನಲ್ಲಿ ಗಾಳಿಯೊಳಗೆ ನಾದವು ನಡೆಯುವ ದೂರ 34 ಸೆಂಟಿಮೀಟರು. ವೀಣೆಯ ತಂತಿಯಿಂದ ವೈಣಿಕನ ಕಿವಿಗೆ ಅದಕ್ಕಿಂತ ಹೆಚ್ಚು ದೂರವಿದ್ದೀತು.