ಗುಂಬಳ್ಳಿ ಗೇಟಿನಾಚೆಯ ಪ್ಲಾಸ್ಟಿಕ್ ಲೆಕ್ಕ

ಪ್ಲಾಸ್ಟಿಕ್ ಕಸ ತಗ್ಗಿಸುವ ಕ್ರಮದಿಂದ ಪರಿಸರಕ್ಕೆ ನಿಜಕ್ಕೂ ಒಳಿತಾಯಿತೇ ಎಂದು ಅಳೆಯಲು ಎರಡು ಲೆಕ್ಕಗಳಿವೆ. ವಸ್ತು ತಯಾರಾಗುವಲ್ಲಿಂದ ವಿಲೇವಾರಿಯಾಗುವವರೆಗೆ ಖರ್ಚಾಗುವ ನೀರು, ಇಂಧನ, ಹೊರಬೀಳುವ ಹೊಗೆ ಇವನ್ನು ಕೂಡಿಸುವುದು ಒಂದು. ಜೀವನಚಕ್ರ ವಿಶ್ಲೇಷಣೆ ಎಂದು ಇದರ ಹೆಸರು. ಬಳಸಿ ಬಿಸಾಡಿದ್ದು ಕೊನೆಗೆ ಎಲ್ಲಿ ಬೀಳುತ್ತದೆ, ಯಾರ ಹೊಟ್ಟೆ ಸೇರುತ್ತದೆ ಎಂದು ನೋಡುವುದು ಇನ್ನೊಂದು. ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಎರಡನೆಯದನ್ನು ಕೈಬಿಟ್ಟು ನೀಡುವ ತೀರ್ಪು ನಿಲ್ಲುವುದಿಲ್ಲ.

ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಅಂಗಡಿ ಚೀಲಗಳ ಅಧ್ಯಯನವೊಂದನ್ನು ಪ್ರಕಟಿಸಿತು. ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಹತ್ತಿಯ ಚೀಲವನ್ನು ಹವಾಮಾನದ ದೃಷ್ಟಿಯಿಂದ 52 ಸಲ, ಎಲ್ಲ ಮಾನದಂಡಗಳನ್ನೂ ಹಿಡಿದರೆ 7,100 ಸಲ ಬಳಸಬೇಕು ಎಂದಿತು ಅದು. ಬಟ್ಟೆ ಚೀಲವನ್ನು ಹೀಗಳೆಯುವವರಿಗೆ ಎರಡನೆಯ ಅಂಕಿ ಬಾಯಿಪಾಠ. ಅದು ಮುಖ್ಯವಾಗಿ ಓಝೋನ್ ಪದರದ ಮೇಲಿನ ಪರಿಣಾಮ ಎಂಬ ಒಂದೇ ಮಾನದಂಡದಿಂದ ಬಂದದ್ದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಜೊತೆಗೆ, ಚೀಲ ಬೀದಿಗೆ ಬೀಳುವುದು ಡೆನ್ಮಾರ್ಕಿನಲ್ಲಿ ನಗಣ್ಯವೆಂದು ಆ ಅಧ್ಯಯನವೇ ಅದನ್ನು ಲೆಕ್ಕದಿಂದ ಕೈಬಿಟ್ಟಿದೆ. ಅಲ್ಲಿ ಕೈಬಿಟ್ಟದ್ದೇ ಇಲ್ಲಿ ಮೊದಲ ಪ್ರಶ್ನೆ.

ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಯಳಂದೂರಿನಿಂದ ಬರುವವರು ಗುಂಬಳ್ಳಿ ಗೇಟು, ಚಾಮರಾಜನಗರದಿಂದ ಬರುವವರು ಹೊಂಡರಬಾಳು ಗೇಟು ದಾಟಿ ಕಾಡಿನೊಳಗಿನ ರಸ್ತೆಯಲ್ಲೇ ಬೆಟ್ಟದ ಮೇಲಿನ ರಂಗನಾಥನ ದೇವಸ್ಥಾನ ತಲುಪಬೇಕು. ಅದೇ ಕಾಡಿನಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ವಸತಿಗಳು, ಇವೆ. ಉಪ್ಪು, ಎಣ್ಣೆ ಮೆತ್ತಿದ ಕವರಿನ ವಾಸನೆಗೆ ಕೋತಿ, ಜಿಂಕೆ, ಕಡವೆ ಬಾಯಿ ಹಾಕುತ್ತವೆ. ಗುಂಡಿ ತೋಡಿ ಸುಟ್ಟರೆ ಕಸ ಕಣ್ಣಿಗೆ ಕಾಣದು, ಆದರೆ ವಿಷದ ಹೊಗೆ ಪೋಡಿನವರ ಪಾಲಾಗುತ್ತದೆ.

ಕಾನೂನಿಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಆಯ್ದ ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಂದು ಬಂತು. ಅದೇ ವರ್ಷದ ಕೊನೆಗೆ, ದೇಶದಲ್ಲಿ ಕೈಚೀಲ ಕನಿಷ್ಠ 120 ಮೈಕ್ರಾನ್ ದಪ್ಪವಿರಬೇಕೆಂಬ ನಿಯಮವೂ ಬಂತು. ದಪ್ಪ ಚೀಲವನ್ನು ಜನ ಮತ್ತೆ ಮತ್ತೆ ಬಳಸುತ್ತಾರೆ, ಗುಜರಿಯವರೂ ಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ಎಣಿಕೆ. ಆದರೆ ಅದನ್ನೂ ಒಂದೇ ಸಲ ಬಳಸಿ ಎಸೆದರೆ ಕಾಡಿಗೆ ಬೀಳುವ ಪ್ಲಾಸ್ಟಿಕ್ಕಿನ ತೂಕ ಮೊದಲಿಗಿಂತ ಹೆಚ್ಚೇ.

ಹಾಗಾಗಿ ಕ್ರಮದ ಯಶಸ್ಸನ್ನು ವಶಪಡಿಸಿಕೊಂಡ ಚೀಲದಿಂದಾಗಲಿ, ವಸೂಲಾದ ದಂಡದಿಂದಾಗಲಿ ಅಳೆಯಲಾಗದು. ಹೋದದ್ದರ ಜಾಗಕ್ಕೆ ಏನು ಬಂತು ಎಂದು ಕೇಳಬೇಕು. ಬಟ್ಟೆಯಂತೆ ಕಾಣುವ ಬಣ್ಣದ ಚೀಲಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಚಹಾದ ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪಾಲಿಥಿನ್ ಲೇಪವಿರುತ್ತದೆ. ಕಾರ್ಖಾನೆಯ ಬಿಸಿ ಗೊಬ್ಬರ ಗುಂಡಿಗೆಂದೇ ರೂಪಿಸಿದ ‘ಕೊಳೆಯುವ’ ಚೀಲ ಬೆಟ್ಟದ ತಣ್ಣನೆಯ ನೆಲದಲ್ಲಿ ಅಷ್ಟು ಬೇಗ ಕರಗುವುದಿಲ್ಲ. ಅಡಿಕೆ ಹಾಳೆಯ ತಟ್ಟೆಯ ಮಾತು ಬೇರೆ: ಹಾಳೆ ತಾನಾಗಿ ಉದುರುವಂಥದ್ದು, ಅದಕ್ಕೆಂದು ಹೊಸದಾಗಿ ಭೂಮಿ ಬೇಕಿಲ್ಲ, ಲಾರಿಯಲ್ಲಿ ದೂರದಿಂದ ಬರಬೇಕು, ಅಷ್ಟೇ. ಮುತ್ತುಗದ ಎಲೆ ಹತ್ತಿರದಲ್ಲೇ ಸಿಗುತ್ತದೆ. ಆದರೆ ಜಾತ್ರೆಯ ಜನಕ್ಕೆ ಸಾಲುವಷ್ಟು ಕಿತ್ತರೆ ಮರ ತಾಳೀತೇ ಎಂಬುದನ್ನು ಸೋಲಿಗರನ್ನೇ ಕೇಳಬೇಕು. ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ, ನೀರು ತುಂಬಿಸಿಕೊಳ್ಳುವ ನಲ್ಲಿ, ಇವೆರಡು ಮಾತ್ರ ಎರಡೂ ಲೆಕ್ಕಗಳಲ್ಲಿ ಸುಲಭವಾಗಿ ಗೆಲ್ಲುತ್ತವೆ. ತೊಳೆಯಲು ನೀರು ಬೇಕೆಂಬ ಆಕ್ಷೇಪ ಬೇಸಿಗೆಯಲ್ಲಿ ನಿಜ, ಉಳಿದ ತಿಂಗಳಲ್ಲಿ ನೆಪ.

ಕೊಂಡು ತಂದದ್ದನ್ನು ಮರಳಿಸುವಂತೆ ಮಾಡುವುದು ಇನ್ನೊಂದು ದಾರಿ. ನೆರೆಯ ನೀಲಗಿರಿಯಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿದ್ದುದರಿಂದ, ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಹಿಂದಿರುಗಿಸುವ ವ್ಯವಸ್ಥೆ ತಂದವು. ಒಳಬರಲು ಎರಡು ಮುಖ್ಯ ಗೇಟುಗಳಿರುವ ಬೆಟ್ಟದಲ್ಲಿ ನೀರಿನ ಬಾಟಲಿಗೆ ಇದನ್ನೇ ಅನ್ವಯಿಸುವುದು ಕಷ್ಟವಲ್ಲ; ಏರಿದ್ದೆಷ್ಟು, ಇಳಿದದ್ದೆಷ್ಟು ಎಂಬ ಅಂಕಿಯೂ ತಾನಾಗಿ ದೊರೆಯುತ್ತದೆ.

ಕಗ್ಗಂಟಾಗಿ ಉಳಿಯುವುದು ಚಿಪ್ಸ್, ಬಿಸ್ಕತ್ತು, ಶ್ಯಾಂಪೂಗಳ ಹೊಳೆಯುವ ಪದರಗಳ ಕವರು. ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಹಾಗಾಗಿ ಆಯುವವರಿದ್ದಾರೆ. ಈ ಕವರಿಗೆ ಬೆಲೆಯಿಲ್ಲ, ನಿಷೇಧವೂ ಇಲ್ಲ. ಸಿಮೆಂಟ್ ಗೂಡಿನಲ್ಲಿ ಉರಿಸುವುದೇ ಅದರ ಸಾಮಾನ್ಯ ಗತಿ. ಅದಕ್ಕೂ ಮೊದಲು ಬೆಟ್ಟ ಇಳಿಯಬೇಕು. ದಿನಸಿ ಇಳಿಸಿ ಖಾಲಿ ಮರಳುವ ಗಾಡಿಗಳಲ್ಲಿ ತುಂಬಿ ಕಳಿಸಿದರೆ ಹೆಚ್ಚಿನ ಡೀಸೆಲ್ ಬೇಕಾಗದು, ಬೇಕಾಗುವುದು ಆಯುವವರ ಕೂಲಿ. ಅದನ್ನು ಕೊಡಬೇಕಾದವರು ತಯಾರಕರು. ಆದರೆ ಅವರ ಹೊಣೆಯನ್ನು ನಿಗದಿಪಡಿಸಿದ 2022ರ ಕೇಂದ್ರದ ಮಾರ್ಗಸೂಚಿ ಗುರಿಯನ್ನು ತೂಕದಲ್ಲಿ ಹೇಳುತ್ತದೆ, ಸ್ಥಳದಲ್ಲಿ ಅಲ್ಲ. ಬೆಂಗಳೂರಿನಲ್ಲಿ ಸುಲಭವಾಗಿ ಒಟ್ಟಾದ ಒಂದು ಟನ್ ಕವರಿನ ಪ್ರಮಾಣಪತ್ರದಿಂದಲೇ ಗುರಿ ತುಂಬಿಬಿಡುತ್ತದೆ. ಗುಂಬಳ್ಳಿ ಗೇಟು ದಾಟಿ ಬಂದದ್ದನ್ನು ಹಿಂದಕ್ಕೆ ಒಯ್ಯಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ.