ಬೇಡಿಕೆ, ವಸೂಲಿ, ಬಾಕಿ: ಕೂಡುವುದೆಲ್ಲಿ, ಕಳೆಯುವುದೆಲ್ಲಿ

ಸಾಮಾನ್ಯ ಸಭೆಯಲ್ಲಿ ಮಂಡಿಸಲಾಗುವ ತೆರಿಗೆ ವಸೂಲಾತಿ ತಃಖ್ತೆಯನ್ನು ಅರಿಯಲು ಕೂಡುವ, ಕಳೆಯುವ ಲೆಕ್ಕವೇ ಸಾಕು. ಆದರೆ ಯಾವುದಕ್ಕೆ ಯಾವುದನ್ನು ಕೂಡಬೇಕು, ಯಾವುದರಿಂದ ಕಳೆಯಬೇಕು ಎಂಬಲ್ಲಿಯೇ ತಪ್ಪು ನುಸುಳುವುದು.

ಉದಾಹರಣೆಗೆ, ಒಂದು ಗ್ರಾಮ ಪಂಚಾಯತಿಯ ಮನೆ ಕಂದಾಯದ ಚಾಲ್ತಿ ಸಾಲಿನ ಬೇಡಿಕೆ ರೂ. 1,26,000 ಇದ್ದು, ಮಾರ್ಚ್ 31ರವರೆಗೆ ಒಟ್ಟು ರೂ. 1,12,750 ವಸೂಲಾಗಿದೆ ಎಂದಿಟ್ಟುಕೊಳ್ಳೋಣ. ಬಾಕಿ ಎಷ್ಟು? ಒಂದರಿಂದ ಇನ್ನೊಂದನ್ನು ಕಳೆದು ರೂ. 13,250 ಎಂದು ಹೇಳುವುದು ಸುಲಭ. ಹಿಂದಿನ ಸಾಲುಗಳ ಬಾಕಿ ರೂ. 48,500 ಇತ್ತೆಂಬುದನ್ನು ಈ ಉತ್ತರ ಮರೆತಿದೆ. ಮೊದಲು ಹಳೆಯ ಬಾಕಿಯನ್ನು ಚಾಲ್ತಿ ಬೇಡಿಕೆಗೆ ಕೂಡಬೇಕು. ಒಟ್ಟು ಬೇಡಿಕೆ ರೂ. 1,74,500. ಅದರಿಂದ ವಸೂಲಿಯನ್ನು ಕಳೆದಾಗ ನಿಜವಾದ ಬಾಕಿ ರೂ. 61,750. ಎರಡು ಉತ್ತರಗಳ ನಡುವಿನ ಅಂತರ ಸರಿಯಾಗಿ ರೂ. 48,500, ಅಂದರೆ ಹಳೆಯ ಬಾಕಿಯಷ್ಟೂ ಲೆಕ್ಕದಿಂದಲೇ ಮಾಯವಾದಂತೆ. ಬೀದಿ ದೀಪಕ್ಕೂ ನೀರಿನ ಪೈಪಿನ ದುರಸ್ತಿಗೂ ಹಣವಿಲ್ಲವೆಂದು ಚರ್ಚೆಯಾಗುವ ಸಭೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ವಸೂಲಾದ ಹಣದಲ್ಲಿ ಹಳೆಯ ಬಾಕಿಗೆ ಸಂದದ್ದು ರೂ. 30,000 ಎಂದು ರಸೀದಿಗಳು ತೋರಿಸಿದರೆ, ಹಳೆಯದರಲ್ಲಿ ಉಳಿದದ್ದು ರೂ. 18,500. ಚಾಲ್ತಿ ಬೇಡಿಕೆಗೆ ಸಂದದ್ದು ರೂ. 82,750, ಅದರಲ್ಲಿ ಉಳಿದದ್ದು ರೂ. 43,250. ಈ ಎರಡು ಬಾಕಿಗಳನ್ನು ಕೂಡಿದಾಗಲೂ ರೂ. 61,750 ಬರಬೇಕು. ಬಾರದಿದ್ದಲ್ಲಿ ರಸೀದಿ ಪುಸ್ತಕಗಳನ್ನು ತರಿಸಿ ನೋಡುವುದು ಸೂಕ್ತ. ತಃಖ್ತೆಯಲ್ಲಿ ತೋರಿಸಿದ ಆರಂಭದ ಬಾಕಿಯು ಹಿಂದಿನ ಸಾಲಿನ ಮಾರ್ಚ್ 31ರ ಅಂತಿಮ ಬಾಕಿಗೆ ಸಮನಾಗಿದೆಯೇ ಎಂಬುದನ್ನೂ ಮಾನ್ಯ ಸದಸ್ಯರು ಹೋಲಿಸಿ ನೋಡುವಂತೆ ಕೋರಿದೆ.