ಕಪಾಟಿನ ಮೇಲೊಂದು ಮಾರಿಕುಪ್ಪಂ ರೈಲು

ಬೇಸಿಗೆ ರಜೆ ಬಂತೆಂದರೆ ತಾಯಂದಿರ ತಲೆನೋವು ಶುರು. ಉಪ್ಪಿನಕಾಯಿ ಹಾಕಬೇಕು, ಹಪ್ಪಳ-ಸಂಡಿಗೆ ಒಣಗಿಸಬೇಕು, ಅದರ ನಡುವೆ ಹುಡುಗರ ಗದ್ದಲ. ಬಿಸಿಲಿಗೆ ಹೊರಗೆ ಕಳಿಸುವ ಹಾಗಿಲ್ಲ, ಒಳಗೆ ಕೂಡಿಸಿದರೆ ಮೊಬೈಲು ಕೈಬಿಡುವುದಿಲ್ಲ. "ಏನಾರ ಆಟಿಗಿ ತಂದು ಕೊಡ್ರಿ ವೈನಿ" ಎಂದು ನೆರೆಯವರು ಹೇಳುತ್ತಾರೆ. ತಂದು ಕೊಟ್ಟ ಮೇಲೆ ಅವರೇ, "ರೊಕ್ಕಾ ಕೊಟ್ಟು ತಂದ ರೈಲು ಎರಡ ದಿನಕ್ಕ ಮೂಲಿಗಿ ಬಿತ್ತಲ್ಲರೀ!" ಎಂದು ನಗುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಗುಂಡಗೆ ಜೋಡಿಸಿದ ಹಳಿಯ ಮೇಲೆ ರೈಲು ಹತ್ತು ಸುತ್ತು ಹಾಕಿದರೆ ಹನ್ನೊಂದನೆಯದನ್ನು ನೋಡುವ ಹುಡುಗ ಯಾರಿದ್ದಾನೆ? ಅದಕ್ಕೆ ಹೋಗಲು ಊರಿಲ್ಲ, ಮಾಡಲು ಕೆಲಸವಿಲ್ಲ.

ಹಾಗಾದರೆ ಅದಕ್ಕೊಂದು ಊರು, ಒಂದು ಕೆಲಸ ಕೊಡೋಣ.

ಅನಗವಾಡಿ, ಬೀಳಗಿ ಕಡೆಯ ನಮ್ಮ ಮಕ್ಕಳಿಗೆ ರೈಲು ದಿನನಿತ್ಯದ ವಸ್ತುವಲ್ಲ. ಘಟಪ್ರಭೆಯ ಸೇತುವೆ ದಾಟಿ ಬಾಗಲಕೋಟೆಗೆ ಹೋದರೇ ರೈಲು. ಅವರಿಗೆ ಗೊತ್ತಿರುವುದು ಕಬ್ಬಿನ ಟ್ರ್ಯಾಕ್ಟರು; ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿ ಹೋಗುವುದು. ಕಾರ್ಖಾನೆ, ಗಣಿಗಳಿಗಾಗಿಯೇ ಹಾಕಿದ ರೈಲುದಾರಿಗಳೂ ಅದೇ ಕೆಲಸದವು. ಸಾಮಾನು ಒಳಗೆ ತರಬೇಕು, ಮಾಲು ಹೊರಗೆ ಒಯ್ಯಬೇಕು. ಗಣಿ ಬತ್ತಿದ ದಿನ ಹಳಿಯ ಕೆಲಸವೂ ಬತ್ತುತ್ತದೆ. ಮನೆಯಲ್ಲಿ ಪುಟ್ಟ ಮಾದರಿ ಮಾಡಲು ಇಂಥ ಇಳಿಗಾಲದ ದಾರಿಯೇ ಮೇಲು. ಏಕೆಂದರೆ ಅಲ್ಲಿ ಗಾಡಿಗಳು ಕಡಿಮೆ, ಡಬ್ಬಿಗಳು ಕಡಿಮೆ, ಜಾಗವೂ ಕಡಿಮೆ ಸಾಕು. ಬೆಂಗಳೂರು ಸ್ಟೇಷನ್ನು ಮಾಡಹೋದರೆ ಮನೆಯನ್ನೇ ಖಾಲಿ ಮಾಡಬೇಕಾದೀತು!

ನಮ್ಮ ರಾಜ್ಯದಲ್ಲಿ ಇದಕ್ಕೆ ತಕ್ಕ ದಾರಿ ಕೋಲಾರದ ಚಿನ್ನದ ಗಣಿಯದು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್. 1894ರಲ್ಲಿ ಹಾಕಿದ್ದು. ದಾರಿಯಲ್ಲಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂಬ ಸ್ಟೇಷನ್ನುಗಳು. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇವು ಊರಿನ ಹೆಸರಿಗಿಂತ ಹೆಚ್ಚಾಗಿ ಗಣಿಯ ಹೆಸರುಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಗಣಿಯ ಯಂತ್ರಗಳು ಮೊದಮೊದಲು ಉರಿದದ್ದು ಕಟ್ಟಿಗೆ, ಕಲ್ಲಿದ್ದಲಿನಿಂದ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೇಲೆ, 1905ರಲ್ಲಿ! 1956ರಲ್ಲಿ ಗಣಿ ಮೈಸೂರು ಸರಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ ಕೊನೆಗೆ ಬಾಗಿಲು ಹಾಕಿತು.

ಯಾಕೆ ಮುಚ್ಚಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೆಣ್ಣುಮಕ್ಕಳಾದ ನಮಗೆ ಆ ಲೆಕ್ಕ ಬೇಗ ತಿಳಿಯುತ್ತದೆ. ಕೊನೆಕೊನೆಗೆ ಒಂದು ಟನ್ ಕಲ್ಲು ಅಗೆದು, ಮೇಲೆ ತಂದು, ಕುಟ್ಟಿ ಪುಡಿ ಮಾಡಿದರೆ ಸಿಗುತ್ತಿದ್ದ ಬಂಗಾರ ಸುಮಾರು 3 ಗ್ರಾಂ. ಒಂದು ತೆಳುವಾದ ಉಂಗುರಕ್ಕೆ ಸಾಕು. ಆ ಕಲ್ಲು ತರಲು ನೆಲದೊಳಗೆ 3 ಕಿಲೋಮೀಟರಿಗೂ ಮಿಕ್ಕಿ ಇಳಿಯಬೇಕಿತ್ತು. ಅಷ್ಟು ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿಗಿಂತ ಹೆಚ್ಚು. ಕೊರಳಲ್ಲಿರುವ ಗುಂಡನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ಓದಿ.

ಈಗ ಕೆಲಸಕ್ಕೆ ಬರೋಣ. ಮೊದಲು ಅಳತೆ. ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು "ಎಚ್‌ಓ" ಎಂಬ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಈ ಲೆಕ್ಕದಲ್ಲಿ ಆಳೆತ್ತರದ ಮನುಷ್ಯ ಎರಡು ಸೆಂಟಿಮೀಟರಿಗಿಂತ ತುಸು ಕಡಿಮೆ, ಅರ್ಧ ಬೆಂಕಿಕಡ್ಡಿಯಷ್ಟೂ ಇಲ್ಲ. ಇನ್ನೂ ಚಿಕ್ಕದು "ಎನ್" ಅಳತೆ, 160ರಲ್ಲಿ ಒಂದು ಪಾಲು, ಹಳಿ 9 ಮಿಲಿಮೀಟರ್. ಜಾಗ ಅರ್ಧ ಉಳಿಯುತ್ತದೆ ನಿಜ. ಆದರೆ ಚಿಕ್ಕ ಮಕ್ಕಳ ಕೈಗೆ ಅದು ತೀರ ನಾಜೂಕು. ನಾನಂತೂ ಎಚ್‌ಓ ಎಂದೇ ಹೇಳುವೆ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿ ಹೊರದೇಶದ್ದಕ್ಕಿಂತ ಅಗಲ, ಲೆಕ್ಕ ಹಾಕಿದರೆ ಮಾದರಿಯ ಹಳಿ 19 ಮಿಲಿಮೀಟರ್ ಇರಬೇಕಾಗುತ್ತದೆ. ಪೇಟೆಯಲ್ಲಿ ಸಿಗುವುದು 16.5ರದ್ದು. ಎರಡೂವರೆ ಮಿಲಿಮೀಟರಿಗಾಗಿ ತಲೆ ಕೆಡಿಸಿಕೊಳ್ಳುವವರು ಕೆಡಿಸಿಕೊಳ್ಳಲಿ ಬಿಡಿ.

16 ಕಿಲೋಮೀಟರಿನ ದಾರಿ ಈ ಅಳತೆಯಲ್ಲೂ 184 ಮೀಟರ್ ಆಗುತ್ತದೆ, ಓಣಿ ದಾಟಿ ಹೋಗುತ್ತದೆ. ಆದ್ದರಿಂದ ದಾರಿಯ ತುದಿಯನ್ನು, ಮಾರಿಕುಪ್ಪಂ ಒಂದನ್ನೇ ಆರಿಸಿಕೊಳ್ಳಬೇಕು. ಅದನ್ನೂ ಇದ್ದಂತೆಯೇ ಇಳಿಸಬೇಕೆಂದಿಲ್ಲ. ಅದರ ಗುಣ ಬಂದರೆ ಸಾಕು. ಕೊನೆಯ ಸ್ಟೇಷನ್ನಿನ ಅನುಕೂಲವೆಂದರೆ ಗಾಡಿ ಒಂದೇ ಕಡೆಯಿಂದ ಬಂದು ಅದೇ ಕಡೆಗೆ ಹೋಗುತ್ತದೆ, ಗುಂಡಗೆ ತಿರುಗಿಸುವ ಗೋಜಿಲ್ಲ. ನಾಲ್ಕೂವರೆ ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು. ಕಪಾಟಿನ ಮೇಲೆ ಕೂಡುತ್ತದೆ, ಮಂಚದ ಕೆಳಗೂ ಸರಿಯುತ್ತದೆ.

ಹಳಿ ಜೋಡಿಸಲು ಇಂಗ್ಲೆಂಡಿನ ಆಲನ್ ರೈಟ್ ಎಂಬವರು ಯೋಜಿಸಿದ ಒಂದು ಜಾಣ ಪದ್ಧತಿಯಿದೆ. ಮೂರು ಹಳಿ, ಎರಡು ಪಾಯಿಂಟ್, ಅಂದರೆ ಹಳಿ ಬದಲಿಸುವ ಜಾಗ. ಒಂದು ಹಳಿಯಲ್ಲಿ 5 ವ್ಯಾಗನ್ ನಿಲ್ಲಬೇಕು, ಉಳಿದ ಎರಡರಲ್ಲಿ ಮೂರು ಮೂರು. ಎಲ್ಲ ಸೇರುವ ಮೂತಿಯಲ್ಲಿ ಎಂಜಿನ್ನೂ 3 ವ್ಯಾಗನ್ನೂ ಹಿಡಿಸುವಷ್ಟೇ ಜಾಗ. ಒಟ್ಟು ವ್ಯಾಗನ್ 8. ಎಂಟು ಚೀಟಿ ಬರೆದು ಡಬ್ಬದಲ್ಲಿ ಹಾಕಿ, ಐದನ್ನು ಎತ್ತಬೇಕು. ಬಂದ ಅನುಕ್ರಮದಲ್ಲೇ ಆ ಐದು ವ್ಯಾಗನ್ನುಗಳನ್ನು ಉದ್ದದ ಹಳಿಯಲ್ಲಿ ಜೋಡಿಸಬೇಕು, ಕೈಯಿಂದ ಎತ್ತಿಡುವಂತಿಲ್ಲ! ಹಿಂದೆ ಮುಂದೆ, ಬಿಡಿಸು ಸೇರಿಸು, ತಲೆಗೆ ಒಳ್ಳೆಯ ಕಸರತ್ತು. ಇಂಥ ಜೋಡಣೆ 6,720 ಬಗೆ ಆಗುತ್ತವೆ. ದಿನಕ್ಕೆ ಒಂದರಂತೆ ಆಡಿದರೂ 18 ವರ್ಷ. ಅಷ್ಟರಲ್ಲಿ ಮಗನ ಮದುವೆ ಆಗಿರುತ್ತದೆ.

ಒಂದು ಪೈಸೆ ಖರ್ಚು ಮಾಡುವ ಮುಂಚೆ ಈ ನಕ್ಷೆಯನ್ನು ಪಡಸಾಲೆಯ ನೆಲದ ಮೇಲೆ ರಂಗೋಲಿಯಲ್ಲಿ ಎಳೆದು ನೋಡಿ. ದಿನಾ ಬಾಗಿಲ ಮುಂದೆ ಎಳೆ ಎಳೆಯುವ ಕೈಗೆ ಇದೇನು ಮಹಾ. ಎಂಟು ಬೆಂಕಿಪೆಟ್ಟಿಗೆಗಳಿಗೆ ಬಣ್ಣದ ಕಾಗದ ಸುತ್ತಿ ವ್ಯಾಗನ್ ಮಾಡಿ, ಒಂದು ದೊಡ್ಡ ಪೆಟ್ಟಿಗೆ ಎಂಜಿನ್ ಆಗಲಿ. ಎರಡು ವಾರ ಹೀಗೆ ಆಡಲಿ. ಆಟ ರುಚಿಸಿತೆಂದು ಕಂಡರೆ ಮಾತ್ರ ಪೇಟೆಗೆ ಹೋಗಿ. ಕೊಳ್ಳಬೇಕಾದದ್ದು ನಾಲ್ಕೇ: ಒಂದು ಚಿಕ್ಕ ಎಂಜಿನ್, ಹಳಿ, ಎರಡು ಪಾಯಿಂಟ್, ವೇಗ ಹೆಚ್ಚು-ಕಡಿಮೆ ಮಾಡುವ ಕಂಟ್ರೋಲರ್. ಇವು ಅಗ್ಗವಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ, ಯಜಮಾನರ ಜೊತೆ ಮೊದಲೇ ಮಾತಾಡಿಕೊಳ್ಳಿ. ವ್ಯಾಗನ್ನುಗಳಲ್ಲಿ ಎರಡು ಮೂರನ್ನು ಕೊಂಡು, ಉಳಿದವಕ್ಕೆ ಗಾಲಿ ಮತ್ತು ಕೊಂಡಿಯನ್ನಷ್ಟೇ ತರಿಸಿ ಮೇಲಿನ ಡಬ್ಬಿಯನ್ನು ರಟ್ಟಿನಲ್ಲಿ ಮಾಡಬಹುದು. ಎಂಜಿನ್ ಓಡುವುದು 12 ವೋಲ್ಟಿನ ಮೇಲೆ, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಕಂಟ್ರೋಲರಿನ ಜೊತೆ ಬರುವ ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇರೆ ಯಾವ ತಂತಿಯನ್ನೂ ಹುಡುಗರು ಪ್ಲಗ್ಗಿಗೆ ಚುಚ್ಚಕೂಡದು. ಈ ಒಂದು ವಿಷಯದಲ್ಲಿ ಸಲಿಗೆ ಬೇಡವೇ ಬೇಡ.

ಪ್ಲೈವುಡ್ ಹಲಗೆಗೆ ಕೆಳಗೆ ಮರದ ಪಟ್ಟಿ ಹೊಡೆಸಿ, ಇಲ್ಲದಿದ್ದರೆ ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಉದ್ದದ ಹಳಿಯ ಪಕ್ಕ ಪ್ಲಾಟ್‌ಫಾರ್ಮ್. ಗಿಡ್ಡ ಹಳಿಗಳಲ್ಲಿ ಒಂದು ಗಣಿಯ ಬಾಯಿಗೆ, ಇನ್ನೊಂದು ಕಟ್ಟಿಗೆ-ಕಲ್ಲಿದ್ದಲಿನ ಅಡ್ಡೆಗೆ. ಮೂತಿಯ ಕಡೆಯೇ ಬಂಗಾರಪೇಟೆ. ಅಲ್ಲಿ ಮುಂದುಗಡೆ ಒಂದು ಗುಡ್ಡ ನಿಲ್ಲಿಸಿದರೆ ಗಾಡಿ ಗುಡ್ಡದ ಮರೆಯಿಂದ ಬಂದಂತೆ ಕಾಣುತ್ತದೆ. ಹಿಂಬದಿ ತೆರೆದಿರಲಿ, ಹಳಿ ತಪ್ಪಿದರೆ ಕೈ ಹಾಕಬೇಕಲ್ಲ.

ಈ ಗುಡ್ಡವೇ ಕೆ.ಜಿ.ಎಫ್.ನ ಗುರುತು. ಅದು ದೇವರು ಮಾಡಿದ ಗುಡ್ಡವಲ್ಲ. ಬಂಗಾರ ತೆಗೆದುಕೊಂಡು ಉಳಿದ ಪುಡಿಯನ್ನು ನೂರು ವರ್ಷಕ್ಕೂ ಮಿಕ್ಕಿ ಸುರಿದು ಸುರಿದು ಎದ್ದ ರಾಶಿ. ಬಂಗಾರ ಬಿಡಿಸಲು ಸಯನೈಡ್ ಬಳಸುತ್ತಿದ್ದುದರಿಂದ ಜನ ಸಯನೈಡ್ ಗುಡ್ಡ ಎನ್ನುತ್ತಾರೆ. ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು ಪುಡಿ ಅಲ್ಲಿ ಬಿದ್ದಿದೆ. ಗಾಳಿ ಎದ್ದರೆ ಧೂಳು ಮನೆಮನೆಗೆ ನುಗ್ಗುತ್ತದೆ. ಒಣಹಾಕಿದ ಬಟ್ಟೆ, ಮುಚ್ಚದ ಪಾತ್ರೆ ಎಲ್ಲದರ ಮೇಲೂ. ಅಲ್ಲಿಯ ಗೃಹಿಣಿಯರ ಕಷ್ಟ ನಮಗೆ ಹೇಳಿಸಿಕೊಳ್ಳದೆ ಅರ್ಥವಾಗುತ್ತದೆ.

ಗುಡ್ಡಕ್ಕೆ ನಮ್ಮ ಅಜ್ಜಿಯರ ವಿದ್ಯೆಯೇ ಸಾಕು. ಹಳೆಯ ಪತ್ರಿಕೆಗಳನ್ನು ಎರಡು ದಿನ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ ಬುಟ್ಟಿ ಮಾಡುತ್ತಿದ್ದರಲ್ಲ, ಅದೇ ರೊಟ್ಟು. ಥರ್ಮೋಕೋಲಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಲೆ ಈ ರೊಟ್ಟು ಮೆತ್ತಿ ನೆರಳಲ್ಲಿ ಒಣಗಿಸಿ. ಗುಡ್ಡದ ತಲೆ ಚಪ್ಪಟೆ ಇರಲಿ, ಬದಿಗಳಲ್ಲಿ ಮಳೆನೀರು ಕೊರೆದ ಗೀರುಗಳನ್ನು ಚಮಚದ ಹಿಡಿಯಿಂದ ಎಳೆಯಿರಿ. ಸುಣ್ಣಕ್ಕೆ ಒಂದು ಚಿಟಿಕೆ ಹಳದಿ, ಒಂದು ಚಿಟಿಕೆ ಕಪ್ಪು ಬಣ್ಣ ಬೆರೆಸಿ ಬಳಿದರೆ ಆ ಬೂದು ಬಿಳುಪು ಬರುತ್ತದೆ. ರವೆ, ಜೋಳದ ಹಿಟ್ಟು ಮಾತ್ರ ಉದುರಿಸಬೇಡಿ. ವಾರದೊಳಗೆ ಇಲಿಗಳು ಗಣಿ ತೋಡುತ್ತವೆ!

ಹಳಿಯ ನಡುವೆ ಜಲ್ಲಿಗೆ ಜರಡಿ ಹಿಡಿದ ಹೊಳೆಯ ಮರಳು. ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಒಂದು ಹನಿ ಸಾಬೂನಿನ ನೀರು. ಇದನ್ನು ಔಷಧಿಯ ಪಿಚಕಾರಿಯಿಂದ ಹನಿಹನಿಯಾಗಿ ಬಿಟ್ಟರೆ ಮರಳು ಗಟ್ಟಿ ಕೂಡುತ್ತದೆ. ಪಾಯಿಂಟಿನ ಚಲಿಸುವ ಪಟ್ಟಿಗಳ ಹತ್ತಿರ ಒಂದು ಹನಿಯೂ ಬೀಳಬಾರದು. ಸೋಸಿ ಉಳಿದ ಚಹಾಪುಡಿಯನ್ನು ಚೆನ್ನಾಗಿ ಒಣಗಿಸಿದರೆ ಒಳ್ಳೆಯ ಮಣ್ಣು. ಪಾತ್ರೆ ತಿಕ್ಕುವ ಹಸಿರು ನಾರಿನ ಚೂರುಗಳೇ ಹಳಿಯ ನಡುವೆ ಬೆಳೆದ ಕಸ. ಈ ಕಸವನ್ನು ಧಾರಾಳವಾಗಿ ಬೆಳೆಸಿ. ಗಣಿಯ ಕಡೆಯ ಹಳಿ ತುಕ್ಕು ಬಣ್ಣದ್ದಿರಲಿ, ಆದರೆ ಬಣ್ಣ ಹಳಿಯ ಬದಿಗೆ ಮಾತ್ರ. ಮೇಲ್ಮೈಗೆ ತಾಗಿದರೆ ಕರೆಂಟು ಹರಿಯದೆ ಎಂಜಿನ್ ನಿಂತುಬಿಡುತ್ತದೆ.

ಗಣಿಯ ಬಾಯಿಯ ಮೇಲೆ ಚಕ್ರದ ಗೋಪುರ ಬೇಕು. ಆಳುಗಳನ್ನು ಇಳಿಸುವ, ಕಲ್ಲನ್ನು ಎತ್ತುವ ಹಗ್ಗ ಹಾಯುವುದು ಆ ಚಕ್ರಗಳ ಮೇಲೆಯೇ. ತೆಂಗಿನ ಕಸಬರಿಗೆಯ ಕಡ್ಡಿಗಳು, ಕೋಟಿನ ಎರಡು ದೊಡ್ಡ ಗುಂಡಿ, ಕಪ್ಪು ದಾರ, ಇಷ್ಟರಲ್ಲೇ ಆಗುತ್ತದೆ. ಗೋಪುರ ಒಂದು ಗೇಣಿಗಿಂತ ಎತ್ತರ ಬೇಡ. ಮಗಳು, "ಯವ್ವಾ, ಇದರ ಕೆಳಗ ಭಾವಿ ಎಷ್ಟು ಆಳ ಐತಿ?" ಎಂದು ಕೇಳಿದರೆ ಲೆಕ್ಕ ಅವಳಿಂದಲೇ ಮಾಡಿಸಿ. 3,200 ಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 37 ಮೀಟರ್. ಅಂದರೆ ಈ ಆಟಿಗೆಯ ಅಳತೆಯಲ್ಲೂ ಕಪಾಟು, ನೆಲ, ಪಾಯ ಎಲ್ಲ ತೂರಿಕೊಂಡು 37 ಮೀಟರ್ ತೋಡಬೇಕು.

ಆಳುಗಳ ಮನೆಗಳ ಸಾಲಿಗೆ ಊದಿನಕಡ್ಡಿಯ ಪೆಟ್ಟಿಗೆಗಳು. ಒಂದಕ್ಕೊಂದು ಗೋಡೆ ತಾಗಿದಂತೆ, ತಗ್ಗಾಗಿ ಇರಲಿ. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಜಾಗ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಓಣಿಯಲ್ಲಿ. ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ "ಮಾರಿಕುಪ್ಪಂ" ಎಂದು ಅಚ್ಚುಕಟ್ಟಾಗಿ ಬರೆಯುವ ಕೆಲಸ ಮನೆಯಲ್ಲಿ ದುಂಡಗಿನ ಅಕ್ಷರದವರಿಗೆ.

ಇನ್ನು ಯಾವ ಕಾಲದ್ದು ಎಂಬ ಪ್ರಶ್ನೆ. ಕೆಲವರಿಗೆ 1902ರ ಮುಂಚಿನ ಹೊಗೆಯ ಕೊಳವೆಗಳು ಇಷ್ಟವಾದಾವು. ನನ್ನನ್ನು ಕೇಳಿದರೆ ಗಣಿ ಮುಚ್ಚುವ ಒಂದೆರಡು ವರ್ಷ ಮೊದಲಿನದು ಮಾಡಿ. ಗೋಪುರದ ಚಕ್ರ ಇನ್ನೂ ತಿರುಗುತ್ತಿದೆ, ಅಡ್ಡೆಯಲ್ಲಿ ಕಸ ಬೆಳೆದಿದೆ, ಎಂಟೇ ವ್ಯಾಗನ್. ಇದಕ್ಕೊಂದು ಕಾರಣವಿದೆ. ಗಣಿ ನಿಂತರೂ ಆ ಹಳಿ ಸಾಯಲಿಲ್ಲ. ಈಗಲೂ ನಸುಕಿನಲ್ಲಿ ಡಬ್ಬಿ ಕಟ್ಟಿಕೊಂಡು ಸಾವಿರಾರು ಜನ ಅದೇ ರೈಲಿಗೆ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅವರಲ್ಲಿ ಹೆಂಗಸರೂ ಬಹಳ. ಬಂಗಾರಕ್ಕಾಗಿ ಬಂದ ರೈಲು ಈಗ ಆಳುಗಳನ್ನೇ ಹೊರಗೆ ಒಯ್ಯುತ್ತದೆ. ಆದ್ದರಿಂದ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ಬೆಂಕಿಕಡ್ಡಿಗೆ ಸೀರೆಯ ಚೂರು ಸುತ್ತಿ ನಾಲ್ಕಾರು ಹೆಂಗಸರನ್ನು ನಿಲ್ಲಿಸಿ, ಕೈಯಲ್ಲಿ ಸಾಸಿವೆಯಷ್ಟು ಊಟದ ಡಬ್ಬಿ ಇರಲಿ. ಕಡ್ಡಿಯ ಮದ್ದು ಮುರಿದು ತೆಗೆಯುವುದನ್ನು ಮರೆಯಬೇಡಿ.

ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ಹಳಿ ಹಾಕುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ಅದು ಪೂರ್ತಿಯಾದರೆ ಮಾರಿಕುಪ್ಪಂ ಕೊನೆಯ ಸ್ಟೇಷನ್ ಆಗಿ ಉಳಿಯುವುದಿಲ್ಲ. ದಾರಿ ಅಲ್ಲಿಗೇ ಮುಗಿಯುತ್ತಿದ್ದ ಕಾಲ ಹೇಗಿತ್ತೆಂಬುದು ಇಂಥ ಹಲಗೆಗಳ ಮೇಲೆ ಕಂಡೀತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ನಮ್ಮ ಕಡೆಯವರಿಗೆ ಇದರ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಕೈ ಪಳಗಿದ ಮೇಲೆ ಮುಂದಿನ ರಜೆಗೆ ಹಿರಿಯರನ್ನು ಕೂಡಿಸಿಕೊಂಡು ಮುಳುಗಿದ ಓಣಿಯ ಮಾದರಿ ಮಾಡಬಹುದು. ಅಗಸಿ ಎಲ್ಲಿತ್ತು, ಬೇವಿನ ಗಿಡ ಯಾರ ಮನೆಯ ಮುಂದಿತ್ತು ಎಂಬುದರ ಮೇಲೆ ಅತ್ತೆ-ಮಾವ ಇಬ್ಬರಿಗೂ ಜಗಳವಾಗುವುದಂತೂ ಖಂಡಿತ.

ಆಟ ಮುಗಿದ ಮೇಲೆ ಹಲಗೆಯ ಮೇಲೆ ಹಳೆಯ ಮೆತ್ತನೆಯ ಸೀರೆ ಹೊದಿಸಿ. ಧೂಳು ಕೂತರೆ ರೈಲು ಮುಗ್ಗರಿಸುತ್ತದೆ. ವಾರಕ್ಕೊಮ್ಮೆ ಬಟ್ಟೆಗೆ ಒಂದಿಷ್ಟು ಸ್ಪಿರಿಟ್ ಹಚ್ಚಿ ಹಳಿ ಒರೆಸಬೇಕು, ಎಣ್ಣೆ ಬೇಡ. ಒರೆಸುವಾಗ ಪ್ಲಗ್ ತೆಗೆದಿರಲಿ. ದೇವರ ಮನೆಯ ದೀಪದಿಂದಲೂ ಒಲೆಯಿಂದಲೂ ದೂರವಿಡಿ, ಥರ್ಮೋಕೋಲಿಗೆ ಬೆಂಕಿ ಬೇಗ ಹತ್ತುತ್ತದೆ.